ಸೈನಿಕರ ಧರ್ಮಪತ್ನಿ ದುರುಗೇಶ

ಬೆಳಗಿನ ಎಂಟು ಗಂಟೆ. ಯಲಬುರ್ಗಾದ ಫಾರ್ಮಸಿಸ್ಟ್ ದುರುಗೇಶನ ಮಧ್ಯಪ್ರದೇಶದ ನೋಂದಣಿ ಪತ್ರದಲ್ಲಿ, ಅವನ ಫೋಟೊದ ಹಣೆಗೆ ಸರಿಯಾಗಿ, ಕುಂಕುಮ ಮೆತ್ತಿತ್ತು.

ಆಯುಧಪೂಜೆಯ ದಿನ ಅದನ್ನು ಹಚ್ಚಿದವಳು ನೆರೆಮನೆಯ ಪಾರಮ್ಮ. ಬೈಕಿಗೆ, ಕುಡುಗೋಲಿಗೆ ಹಚ್ಚಿದ ಮೇಲೆ ಅನ್ನ ಕೊಡುವ ಕಾಗದವನ್ನು ಬಿಡಲು ಅವಳಿಗೆ ಮನಸ್ಸಾಗಿರಲಿಲ್ಲ.

ದುರುಗೇಶನ ಹೆಂಡತಿ ರೇಣುಕಾ ಸೈನ್ಯದಲ್ಲಿದ್ದಳು. ಮಧ್ಯಪ್ರದೇಶದ ಜಬಲ್ಪುರದಲ್ಲಿ ಅವಳ ಜೊತೆಗಿದ್ದಾಗ ಅವನು ತನ್ನ ಕರ್ನಾಟಕದ ನೋಂದಣಿಯನ್ನು ಅಲ್ಲಿಗೆ ವರ್ಗಾಯಿಸಿಕೊಂಡಿದ್ದ. ಈಗ ಅವಳಿಗೆ ಗಂಡನನ್ನು ಕರೆದೊಯ್ಯಲಾಗದ ಗಡಿ ಠಾಣೆ. ಅವನು ಊರಿಗೆ ಮರಳಿದ್ದ. ಮಕ್ಬುಲಸಾಬರ ಔಷಧ ಅಂಗಡಿಯಲ್ಲಿ ಕೆಲಸ ಕಾದಿತ್ತು. ಆದರೆ ಹಳೆಯ ನೋಂದಣಿ ಬಿಟ್ಟುಕೊಡುವ ಅಫಿಡವಿಟ್ ಇವತ್ತು ಸಂಜೆಯೊಳಗೆ ಅಪ್‌ಲೋಡ್ ಆಗದಿದ್ದರೆ ಕರ್ನಾಟಕದಲ್ಲಿ ಮತ್ತೆ ನೋಂದಾಯಿಸಲು ಹಾಕಿದ ಅರ್ಜಿಯೂ ಇಲ್ಲ, ಕೆಲಸವೂ ಇಲ್ಲ.

"ಏನ ಆಗ್ಲಿ, ಇವತ್ತ ಮುಗಿಸೇ ಬರ್ತೀನಿ," ಎಂದ ದುರುಗೇಶ.

ಪಾರಮ್ಮ ರೊಟ್ಟಿಗಂಟು ಕೊಟ್ಟಳು. "ಎಷ್ಟ ಸೊರಗೀಯಪ್ಪಾ. ರೇಣುಕಾಗ ದಿನಾ ಫೋನಿನ್ಯಾಗ ಹೇಳಾಕತ್ತೀನಿ."

ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಹಾಯಕ್ಕೆಂದು ಪಾರಮ್ಮನ ಗಂಡ ಹುಲಿಗೆಪ್ಪನೂ ಅವನ ಜೊತೆ ಕೊಪ್ಪಳದ ಬಸ್ಸು ಹತ್ತಿದ. ದಾರಿಯಲ್ಲಿ ಒದ್ದೆ ಟವೆಲ್ಲಿನಿಂದ ಕುಂಕುಮ ಒರೆಸಿದ. ಕೊಪ್ಪಳ ಬರುವಷ್ಟರಲ್ಲಿ ಫೋಟೊದ ದುರುಗೇಶ ಹೋಳಿ ಆಡಿ ಬಂದವನಂತಾಗಿದ್ದ.

ಕೋರ್ಟಿನೆದುರಿನ ಟೈಪಿಸ್ಟ್ ಅಜೀಮನ ಕಂಪ್ಯೂಟರಿನಲ್ಲಿ ಸೈನಿಕರ ಕುಟುಂಬಕ್ಕೆಂದೇ ಸಿದ್ಧ ನಮೂನೆಯಿತ್ತು. ಹೆಸರು ತುಂಬಿ ಪ್ರಿಂಟ್ ಕೊಟ್ಟ: 'ಸೈನಿಕರ ಧರ್ಮಪತ್ನಿಯಾದ ದುರುಗೇಶ ಎಂಬ ನಾನು...'

"ಸೈನಿಕರು ನನ್ನ ಹೆಂಡ್ತಿರೀ," ಎಂದ ದುರುಗೇಶ.

ಅಜೀಮ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮತ್ತ ನೀವು?"

"ನಾನು ಆಕೀ ಗಂಡ."

ಎರಡನೆಯ ಪ್ರತಿಯಲ್ಲಿ ರೇಣುಕಾಳೇ ಗಂಡನಾಗಿದ್ದಳು. ಹುಲಿಗೆಪ್ಪ ಇರಲಿ ಬಿಡು ಎಂದ. ದುರುಗೇಶ ಬಿಡಲಿಲ್ಲ, ಅಜೀಮನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಮೂರನೆಯದನ್ನು ಮಾಡಿಸಿದ.

ನೋಟರಿ ವಕೀಲರು ಫೋಟೊ ಕಂಡು ಕನ್ನಡಕ ತೆಗೆದರು. "ಇದರಾಗ ಇರೋದು ನೀವೋ, ನಿಮ್ಮ ಮನಿದೇವ್ರೋ?"

ದುರುಗೇಶ ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟ. "ನಾನ ಅದೀನ್ರಿ. ಸೀಲ್ ಹಾಕ್ರಿ."

ಗಡುವಿಗೆ ಮೊದಲೇ ಅಪ್‌ಲೋಡ್ ಆಯಿತು. ಯಲಬುರ್ಗಾದಲ್ಲಿ ಬಸ್ಸಿಳಿಯುವಾಗ ಮೊಬೈಲಿಗೆ ಸಂದೇಶ ಬಂತು: ಮಧ್ಯಪ್ರದೇಶದ ನೋಂದಣಿ ರದ್ದಾಗಿದೆ, ಕರ್ನಾಟಕದ್ದು ಪರಿಶೀಲನೆಯಲ್ಲಿದೆ. ಯುದ್ಧ ಗೆದ್ದವನಂತೆ ಅವನು ಎದೆಯುಬ್ಬಿಸಿದ.

ಅಷ್ಟರಲ್ಲಿ ರೇಣುಕಾಳ ಫೋನು.

"ರೀ, ನೀವು ಊಟಾ ಬಿಟ್ಟು ಸೊರಗೀರಂತ ಪಾರಮ್ಮಕ್ಕ ದಿನಾ ಹೇಳ್ತಿದ್ಲು. ಸಾಹೇಬ್ರ ಮುಂದ ಹಟಾ ಹಿಡಿದ್ನಿ. ನನ್ನ ಮತ್ತ ಜಬಲ್ಪುರಕ್ಕ ಹಾಕ್ಯಾರ, ಕ್ವಾರ್ಟರ್ಸೂ ಕೊಟ್ಟಾರ. ಛಲೋ ಆತಲ್ಲ, ಅಲ್ಲೀ ಲೈಸೆನ್ಸ್ ನಿಮ್ಮ ಕೈಯಾಗ ಐತಿ."

ದುರುಗೇಶ ಹುಲಿಗೆಪ್ಪನ ಮುಖ ನೋಡಿದ. ಹುಲಿಗೆಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಮರುದಿನ ಮೊದಲ ಬಸ್ಸಿಗೆ ದುರುಗೇಶ, ಮಧ್ಯಪ್ರದೇಶದ ನೋಂದಣಿ ಮರಳಿ ಪಡೆಯುವ ಅಫಿಡವಿಟ್ ಮಾಡಿಸಲು, ಕೊಪ್ಪಳಕ್ಕೆ ಹೋದ. 'ಸೈನಿಕರ ಪತಿ' ಎಂಬ ಹೊಸ ನಮೂನೆಯನ್ನು ಅಜೀಮ ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದ.