ರೋಮ್ ನನ್ನದು, ಶಾಲು ಅವರದು

ಶಹಾಪುರದಲ್ಲಿ ಕೂತು ರೋಮಿನ ಇತಿಹಾಸ ಹೇಳುವವನಿಗೆ ನಗೆಪಾಟಲಾಗುವ ಪ್ರಸಂಗಗಳಿಗೇನೂ ಬರ ಇಲ್ಲ. ನಮ್ಮ ಕಾಲೇಜಿನ ಇತಿಹಾಸ ವಿಭಾಗದಲ್ಲಿ ನಾವು ಇಬ್ಬರೇ ಮೇಷ್ಟ್ರು. ರೋಮಿನ ಕೊನೆಗಾಲದಲ್ಲಿ ಇತಿಹಾಸವನ್ನು ಯಾರು ಬರೆದರು, ಹೇಗೆ ಬರೆದರು ಅನ್ನುವುದು ನನ್ನ ವಿಷಯ. ನನ್ನ ಸಹೋದ್ಯೋಗಿಯದು ಸುರಪುರದ ಅರಸರು. ಎಲ್ಲಿ ಸಭೆಯಾದರೂ ಕರೆ ಅವರಿಗೇ, ಹಾರ ಶಾಲು ಅವರಿಗೇ. ನನ್ನ ಪಾಲಿಗೆ ಹೊಟ್ಟೆಕಿಚ್ಚು.

೧. ಬಸ್ಸಿನಲ್ಲಿ

ಒಮ್ಮೆ ಇಬ್ಬರೂ ಯಾದಗಿರಿಗೆ ಹೊರಟಿದ್ದೆವು. ಬಸ್ಸು ತುಂಬಿತ್ತು. ರುಮಾಲು ಸುತ್ತಿದ್ದ ಹಿರಿಯರೊಬ್ಬರು ನನ್ನ ಸಹೋದ್ಯೋಗಿಯ ಗುರುತು ಹಿಡಿದು, "ಸುರಪುರದ ಚರಿತ್ರಿ ಹೇಳೋ ಸರ್ ಅಲ್ಲೇನ್ರಿ? ಬರ್ರಿ, ಕೂಡ್ರಿ" ಎಂದು ಸರಿದು ಜಾಗ ಕೊಟ್ಟರು. ನಾನು ಕಂಬಿ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಹಿರಿಯರಿಗೆ ನನ್ನ ಮೇಲೂ ಮರುಕ ಬಂತು.

"ನಿಮ್ಮದು ಯಾವ ಊರಿನ ಚರಿತ್ರಿರಿ?"

"ರೋಮಿಂದು. ಅದು ಮುಳುಗಿದ ಕಾಲದ್ದು."

ಅವರು ಲೊಚಗುಟ್ಟಿದರು. "ಹೊಳಿ ದಂಡಿ ಊರಿನ ಹಣೇಬರಹ ಅಷ್ಟ ನೋಡ್ರಿ. ಡ್ಯಾಮಿನವರು ಪರಿಹಾರ ಆದ್ರೂ ಕೊಟ್ಟಾರೇನ್ರಿ?"

೨. ಕ್ಲಾಸಿನಲ್ಲಿ

ಸಹೋದ್ಯೋಗಿಯ ಪಾಠ ಕೇಳಲು ಕಿಟಕಿಯ ಹೊರಗೂ ಹುಡುಗರು ನಿಲ್ಲುತ್ತಾರೆ. ನನ್ನ ಕ್ಲಾಸಿನಲ್ಲಿ ಒಳಗೆ ಕೂತವರೂ ಕಿಟಕಿಯನ್ನೇ ನೋಡುತ್ತಾರೆ. ಒಂದು ದಿನ ಹಟಕ್ಕೆ ಬಿದ್ದೆ. ದಂಡಿನ ಕೆಲಸ ಮುಗಿಸಿ ಬಂದು, ತಾನು ಕಂಡ ಯುದ್ಧಗಳನ್ನೆಲ್ಲ ದೊಡ್ಡ ಗ್ರಂಥವಾಗಿ ಬರೆದ ಒಬ್ಬ ರೋಮನ್ ಇತಿಹಾಸಕಾರನ ಬಗ್ಗೆ ಕೈ ಬೀಸಿ ಬೀಸಿ ಹೇಳಿದೆ. ಎಲ್ಲರೂ ಆಕಳಿಸಿದರು.

"ಇಷ್ಟೆಲ್ಲ ಓದಾಕ ಬಾದಶಹರಿಗೆ ಪುರಸೊತ್ತು ಇರಲಿಲ್ಲ. ಅದಕ್ಕ ಕೆಲವರು ಇಡೀ ರೋಮಿನ ಇತಿಹಾಸ ಒಂದು ಸಣ್ಣ ಪುಸ್ತಕಕ್ಕ ಇಳಿಸಿ ಕೊಟ್ರು" ಎಂದೆ.

ಕ್ಲಾಸು ನೆಟ್ಟಗೆ ಕೂತಿತು. ಮುಂದಿನ ಬೆಂಚಿನ ಹುಡುಗಿ ಎದ್ದೇ ನಿಂತಳು. ಗೆದ್ದೆ ಅಂದುಕೊಂಡೆ.

"ಸರ್, ಆ ಸಣ್ಣದು ಝೆರಾಕ್ಸ್ ಸಿಗತದೇನ್ರಿ?"

೩. ಮಾವನ ಮನೆಯಲ್ಲಿ

ನನ್ನ ಹೆಂಡತಿಯ ತವರು ಸುರಪುರ. ಮಾವನದು ಬಟ್ಟೆ ಅಂಗಡಿ. ಸುರಪುರದ ಅರಸರ ವಂಶದವರು, ಅಭಿಮಾನಿಗಳು ಸಹೋದ್ಯೋಗಿಗೆ ಹೊದಿಸುವ ಶಾಲುಗಳೆಲ್ಲ ಅಲ್ಲಿಂದಲೇ ಹೋಗುತ್ತವೆ. ಊಟಕ್ಕೆ ಕೂತಾಗ ಮಾವ ಕೇಳಿದರು:

"ಅಳಿಯಾರ, ಆ ರೋಮಿನ ಬಾದಶಹರ ಮಂದಿ ಈಗ ಯಾರರೆ ಉಳದಾರೇನು?"

"ಒಬ್ಬರೂ ಇಲ್ಲರಿ ಮಾವಾರ."

"ಮತ್ತ ನಿಮಗ ಶಾಲು ಯಾರು ಹೊಚ್ಚಬೇಕು?"

ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

೪. ಯಾದಗಿರಿಯ ವೇದಿಕೆಯಲ್ಲಿ

ಕೊನೆಗೂ ಯಾದಗಿರಿಯಿಂದ ನನಗೂ ಒಂದು ಭಾಷಣಕ್ಕೆ ಕರೆ ಬಂತು. ಬದುಕಿರುವ ಬಾದಶಹನ ಬಗ್ಗೆ ಬರೆಯಲು ಅಂಜಿ, ಹಿಂದಿನವನ ಸಾವಿಗೇ ಚರಿತ್ರೆ ನಿಲ್ಲಿಸಿದ ರೋಮನ್ನರ ಬಗ್ಗೆ ಮಾತಾಡಿದೆ. ಮುಂದಿನ ಸಾಲಿನಲ್ಲಿದ್ದ ಮುಖಂಡರೊಬ್ಬರು ತಮಗೇ ಚುಚ್ಚಿದೆ ಅಂದುಕೊಂಡು ಎದ್ದು ಹೋದರು. ಉಳಿದವರು ಚಪ್ಪಾಳೆ ತಟ್ಟಿದರು.

ಸನ್ಮಾನದ ಹೊತ್ತು. ಸಂಘಟಕರು ಶಾಲು ಹಿಡಿದು ಬಂದರು, ನನ್ನನ್ನು ದಾಟಿ ನೆಟ್ಟಗೆ ಕೆಳಗಿಳಿದು ಹೋಗಿ ಕೇಳಲು ಬಂದಿದ್ದ ನನ್ನ ಸಹೋದ್ಯೋಗಿಯ ಎದುರು ನಿಂತರು! ಅವರು ಗಾಬರಿಯಾಗಿ, "ಅಯ್ಯ, ಇವತ್ತು ನಾ ಅಲ್ಲರಿ" ಎಂದು ತಾವೇ ಶಾಲು ಇಸಕೊಂಡು ಮೇಲೆ ಬಂದು ನನಗೆ ಹೊದಿಸಿದರು. ಅವರ ಕೈಯಿಂದ ಹೊದ್ದ ಶಾಲಿಗೆ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಅವರದೇ ಫೋನು.

"ಪೇಪರ್ ನೋಡೀರೇನ್ರಿ?"

ನೋಡಿದೆ. ನಮ್ಮಿಬ್ಬರ ಫೋಟೋದ ಕೆಳಗೆ ಅಚ್ಚಾಗಿತ್ತು: ‘ಸುರಪುರದ ಇತಿಹಾಸಕಾರರಿಂದ ರೋಮ್ ದೇಶದ ಅತಿಥಿಗೆ ಸನ್ಮಾನ.’

ಆ ಕಡೆ ಅವರು ಉದ್ದಕ್ಕೆ ಉಸಿರು ಬಿಟ್ಟರು.

"ಏನ ಅನ್ರಿ ಸರ್, ಭಾಗ್ಯವಂತರು ನೀವು. ಇಷ್ಟು ವರ್ಷ ಭಾಷಣ ಮಾಡೇನಿ, ಒಬ್ಬ ಮಗನರೆ ನನಗ ಫಾರಿನ್‌ದವ ಅಂದಿಲ್ಲ ನೋಡ್ರಿ!"