ಅಣ್ಣನ ಹೆಸರಿನ ರ‍್ಯಾಮ್

ಮನೆಗೆ ಹೊಸದೇನೇ ಬರಲಿ, ಅದನ್ನು ಪಾತ್ರೆಗಳ ಸಾಲಿಗೆ ಸೇರಿಸಿಬಿಡುವವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರೆ. ನನ್ನ ಪಾಲಿಗೆ ಅವರು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಆಗಿನ್ನೂ ರಾಮದುರ್ಗದಲ್ಲಿ ಕಂಪ್ಯೂಟರ್ ಹೊಸದು. ನನ್ನ ಮನೆಯಲ್ಲೊಂದು, ಹಿಂದಿನ ಓಣಿಯ ಅಣ್ಣನ ಮನೆಯಲ್ಲೊಂದು. ಎರಡಕ್ಕೂ ಒಂದೊಂದೇ ರ‍್ಯಾಮ್, ಅಂದರೆ ಒಳಗೆ ಸಿಕ್ಕಿಸುವ ಗೇಣುದ್ದದ ಮೆಮೊರಿ ಪಟ್ಟಿ. ಒಂದೇ ಪಟ್ಟಿ ಇದ್ದಾಗ ಫೋಟೊ ಇರುವ ಪುಟ ತೆರೆದರೆ ಯಂತ್ರ ಅಲ್ಲೇ ನಿಂತುಬಿಡುತ್ತಿತ್ತು. ಶಾಲಾ ಮಾಸ್ತರನಾದ ನನ್ನ ಕೊರಳಿಗೆ ಶಾಲೆಯ ಸ್ಮರಣ ಸಂಚಿಕೆಯ ಪುಟ ಜೋಡಿಸುವ ಕೆಲಸ ಕಟ್ಟಿದ್ದರು. ಯಾರಿಗೆ ಭಾರಿ ಕೆಲಸವೋ ಅವರ ಮನೆಗೆ ಎರಡೂ ಪಟ್ಟಿ ಎಂದು ಅಣ್ಣ ತಮ್ಮ ಮಾತಾಡಿಕೊಂಡೆವು. ವೈನಿಯನ್ನು ಕೇಳಲಿಲ್ಲ, ಅದೇ ತಪ್ಪಾಯಿತು.

೧. ಡಬ್ಬಿ

ಮೊದಲ ಸಲ ನನ್ನ ಪಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಅಣ್ಣನಿಗೆ ಕೊಟ್ಟೆ. ಮರುದಿನ ಡಬ್ಬಿ ಭಾರವಾಗಿ ವಾಪಸು ಬಂತು. ಮುಚ್ಚಳ ತೆಗೆದರೆ ಶೇಂಗಾ ಉಂಡಿ. ಉಂಡಿಗಳ ತಳದಲ್ಲಿ ರ‍್ಯಾಮ್, ಮೈತುಂಬ ಬೆಲ್ಲ.

“ವೈನಿ, ಇದರಾಗ ಉಂಡಿ ಯಾಕ ಇಟ್ರಿ?”

“ಡಬ್ಬಿ ಖಾಲಿ ಕಳಸಬಾರದ್ರಿ.”

“ಖಾಲಿ ಎಲ್ಲಿತ್ರಿ? ಪಟ್ಟಿ ಇತ್ತಲ್ಲ!”

“ಅದು ತಿನ್ನಾಕ ಬರತೈತೇನ್ರಿ?”

ಹಳೆಯ ಬ್ರಶ್ ಹಿಡಿದು ಅರ್ಧ ದಿನ ಬೆಲ್ಲ ತಿಕ್ಕಿದೆ. ಉಂಡಿ ಬಹಳ ರುಚಿಯಾಗಿದ್ದವು. ಹೀಗಾಗಿ ಪೂರ್ತಿ ಬೈಯಲೂ ಆಗಲಿಲ್ಲ.

೨. ಹೆಸರು

ಇನ್ನೊಮ್ಮೆ ಎರಡೂ ಪಟ್ಟಿ ಅಣ್ಣನ ಮನೆಯಲ್ಲಿದ್ದಾಗ ಪಾತ್ರೆಗೆ ಹೆಸರು ಕೊರೆಯುವವನು ಓಣಿಗೆ ಬಂದ. ತಂಬಿಗೆ, ತಾಟು ಮುಗಿದ ಮೇಲೆ ವೈನಿ ಮೇಜಿನ ಮೇಲಿದ್ದ ಪಟ್ಟಿಗಳನ್ನೂ ಅವನ ಮುಂದಿಟ್ಟರು. ನಾನು ಹೋಗುವಷ್ಟರಲ್ಲಿ ಎರಡರ ಮೇಲೂ ಅಣ್ಣನ ಹೆಸರು ದುಂಡಗೆ ಕೂತಿತ್ತು. ಪುಣ್ಯಕ್ಕೆ ಎರಡೂ ಕೆಲಸ ಮಾಡುತ್ತಿದ್ದವು.

“ವೈನಿ, ಇದರಾಗ ಒಂದು ನಂದ್ರೀ!”

“ಗೊತ್ತೈತ್ರಿ. ಹೋಗಿ ಬರೂ ಸಾಮಾನಕ್ಕ ಹೆಸರು ಬೇಕ ಬೇಕು. ನಾಳೆ ಯಾರರೆ ಬಂದು ನಂದು ಅಂದ್ರ?”

ಹಾಗೆ ಅನ್ನಲೆಂದೇ ಬಂದು ನಿಂತವನು ನಾನು.

೩. ಶುಕ್ರವಾರ

ಸಂಚಿಕೆಯ ಸಿ.ಡಿ. ಶನಿವಾರ ಹತ್ತರ ಬಸ್ಸಿಗೆ ಬೈಲಹೊಂಗಲದ ಪ್ರೆಸ್ಸಿಗೆ ಹೋಗಬೇಕು. ತಪ್ಪಿದರೆ ಸಮಾರಂಭಕ್ಕೆ ಸಂಚಿಕೆ ಇಲ್ಲ, ಹೆಡ್ ಮಾಸ್ತರರ ಮುಂದೆ ನನಗೆ ಮುಖವಿಲ್ಲ. ಶುಕ್ರವಾರ ಸಂಜೆ ಅಣ್ಣನ ಪಟ್ಟಿ ಕೇಳಲು ಹೋದೆ.

“ದೀಪ ಹಚ್ಚೇನ್ರಿ. ಇನ್ನ ಮನಿಯಿಂದ ಏನೂ ಹೊರಗ ಕೊಡಂಗಿಲ್ಲ,” ಎಂದರು ವೈನಿ.

“ಮೊಸರಲ್ರೀ ಅದು, ರ‍್ಯಾಮ್!”

“ಲಕ್ಷ್ಮೀಗೆ ಎಲ್ಲಾ ಒಂದ.”

ಅಣ್ಣ ಪೇಪರಿನ ಹಿಂದೆ ಅಡಗಿದ. ಹಲ್ಲು ಕಚ್ಚಿ ನನ್ನ ಸಿಪಿಯು ಪೆಟ್ಟಿಗೆಯನ್ನೇ ಹೊತ್ತು ತಂದು, ಅಲ್ಲೇ ಎರಡೂ ಪಟ್ಟಿ ಹಾಕಿ ಪುಟ ಮುಗಿಸಿದೆ. ಸಿ.ಡಿ.ಯನ್ನು ಮುಂಜಾನೆ ನಮ್ಮ ಮನೆಯಲ್ಲಿ ಬರೆದರಾಯಿತೆಂದು ಪೆಟ್ಟಿಗೆ ಎತ್ತಿದರೆ ವೈನಿ ಬಾಗಿಲಿಗೆ ಅಡ್ಡ.

“ನಮ್ಮ ಪಟ್ಟಿ ಒಳಗೈತಲ್ರೀ.”

“ನಿಮ್ಮದನ್ನ ತಗದಿಟ್ಟು ಹೋಗ್ತೇನಿ.”

“ನಮ್ಮದು ಯಾವುದ್ರಿ? ಎರಡಕ್ಕೂ ಇವರ ಹೆಸರೈತಿ!”

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದೆ. ಮುಂಜಾನೆ ಒಂಬತ್ತಕ್ಕೆ ಅಣ್ಣ ಸ್ಕೂಟರಿನ ಮೇಲೆ ತಂದಿಟ್ಟು ಹೋದ. ಸ್ವಿಚ್ ಒತ್ತಿದೆ. ಬರೀ ಬೀಪ್ ಬೀಪ್. ಮುಚ್ಚಳ ಬಿಚ್ಚಿದರೆ ರ‍್ಯಾಮ್ ಒಂದೂ ಇಲ್ಲ. ಕೆಳಗೆ ಕಾಗದದಲ್ಲಿ ನಾಲ್ಕು ಶೇಂಗಾ ಉಂಡಿ. ಫೋನ್ ಮಾಡಿ ಕಿರುಚಿದೆ.

“ಎರಡರ ಮ್ಯಾಲೂ ತಮ್ಮದ ಹೆಸರೈತಿ ಅಂತ ಇವರು ಎರಡೂ ತಗದ್ರು,” ಎಂದರು ವೈನಿ, “ಪೆಟ್ಟಿಗಿ ಖಾಲಿ ಆತಲ್ರೀ. ಖಾಲಿ ಹೆಂಗ ಕಳಸೂದು?”

ಪಟ್ಟಿಯನ್ನು ಮನೆಗೆ ಒಯ್ಯಲು ಕೇಳಿದರೆ ಇನ್ನೇನು ಶಾಸ್ತ್ರ ಎದುರಾದೀತೋ! ಅವರ ಮನೆಯಲ್ಲೇ ಸಿ.ಡಿ. ಬರೆದು ಸ್ಟ್ಯಾಂಡಿಗೆ ಓಡುವುದೆಂದು ಪೆಟ್ಟಿಗೆ ಎತ್ತಿದೆ. ಬಾಗಿಲಲ್ಲಿ ನನ್ನ ಹೆಂಡತಿ ತಡೆದಳು. ಅವಳ ಒಂದು ಕೈ ಆಗಲೇ ಪೆಟ್ಟಿಗೆಯ ಒಳಗಿತ್ತು.

“ತಡೀರಿ, ಅವರು ಉಂಡಿ ಕಳಿಸ್ಯಾರ. ನಾವು ನಾಲ್ಕು ಚಕ್ಕುಲಿಯರೆ ಇಡಬ್ಯಾಡೇನು?”