ಹಲಸಿನ ಮೇಣವೂ ನನ್ನ ಚಾಕಿನ ಹದವೂ

ಹವ್ಯಾಸಗಳಲ್ಲೂ ಪಂಕ್ತಿಭೇದವಿದೆ ಎನ್ನುವುದು ನನಗೆ ಗೊತ್ತಾದದ್ದು ನಾನು ಚಾಕು ಮಾಡಲು ಶುರು ಮಾಡಿದ ಮೇಲೆ. ಶಿರಸಿಯ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದ ಕಾಲದಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಅಂಚೆಚೀಟಿ ಕೂಡಿಸುತ್ತಿದ್ದರು. ಅವರ ಮನೆಗೆ ಹೋದವರೆಲ್ಲ ಆ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು, "ಅಬ್ಬಬ್ಬಾ, ಎಂಥ ತಾಳ್ಮೆ!" ಎಂದು ತಲೆದೂಗುತ್ತಿದ್ದರು. ಆ ಚೀಟಿಗಳಿಂದ ಇವತ್ತಿನವರೆಗೆ ಒಂದು ಬದನೆಕಾಯಿಯಾದರೂ ಹೋಳಾಗಿದ್ದುಂಟೇ? ಅದನ್ನು ಯಾರೂ ಕೇಳುವುದಿಲ್ಲ. ನಾನು ಬಿಡುವಿನಲ್ಲಿ ಕೈಯಾರೆ ಚಾಕು, ಮಚ್ಚು ಮಾಡುತ್ತೇನೆ ಎಂದರೆ ಮಾತ್ರ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿದು, "ಯಾರಿಗೆ ಮಾಸ್ತರೇ?" ಎನ್ನುತ್ತಾರೆ. ಯಾಕೆ ಎಂದಲ್ಲ, ಯಾರಿಗೆ ಎಂದು! ಇಪ್ಪತ್ತು ವರ್ಷ ಇವರ ಮಕ್ಕಳಿಗೆ ಬೀಜಗಣಿತ ಕಲಿಸಿದವನ ಬಗ್ಗೆ ಇಷ್ಟೇ ನಂಬಿಕೆ. ನನ್ನ ಅತ್ತೆಯವರಂತೂ ನೇರವಾಗಿಯೇ ಹೇಳಿದರು, "ಮಾಸ್ತರಂಗೆ ಮಗಳ ಕೊಟ್ಟಿದ್ಯ ಹೇಳಿ ಸಮಾಧಾನದಲ್ಲಿದ್ದಿದ್ಯ, ಈಗ ನೋಡಿದ್ರೆ ಕಮ್ಮಾರ" ಎಂದು.

ಇದು ಶುರುವಾದದ್ದು ಒಂದು ಸುವರ್ಣಗೆಡ್ಡೆಯಿಂದ. ಪೇಟೆಯಲ್ಲಿ ಕೊಂಡುತಂದ ಹೊಳೆಹೊಳೆಯುವ ಚಾಕು ಆ ಗೆಡ್ಡೆಯ ಅರ್ಧಕ್ಕೆ ಹೋಗಿ ಬಾಳೆಲೆಯ ಹಾಗೆ ಬಾಗಿಕೊಂಡಿತು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ವಿಶೇಷವೇನಲ್ಲ, ಮನೆಯಲ್ಲಿ ಅದಕ್ಕೆ ಯಾರೂ ತಿರುಗಿ ಸಹ ನೋಡುವುದಿಲ್ಲ. ಆದರೆ ಈ ಸಿಟ್ಟು ನನ್ನನ್ನು ಯಲ್ಲಾಪುರದವರೆಗೆ ಒಯ್ದಿತು. ಒಳ್ಳೆಯ ಚಾಕಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯಷ್ಟು ಒಳ್ಳೆಯ ಉಕ್ಕು ಬೇರೆ ಇಲ್ಲವೆಂದು ಎಲ್ಲೋ ಓದಿದ್ದೆ. ಅರಬೈಲ್ ಘಟ್ಟ ಹತ್ತುವ ಲಾರಿಗಳು ನಮ್ಮ ಸೀಮೆಗೆ ಮಾಡಿರುವ ಉಪಕಾರವೆಂದರೆ ಇಂಥ ಮುರಿದ ಪಟ್ಟಿಗಳು. ಯಲ್ಲಾಪುರದ ಗುಜರಿ ಅಂಗಡಿಯಲ್ಲಿ ಅವು ಕಟ್ಟಿಗೆಯ ಹಾಗೆ ಒಟ್ಟಿರುತ್ತಿದ್ದವು. ಅಂಗಡಿಯವ ಹುಬ್ಬಳ್ಳಿ ಕಡೆಯವ. ನಾನು ಪಟ್ಟಿಗಳನ್ನು ಒಂದೊಂದಾಗಿ ಕಲ್ಲಿಗೆ ಬಡಿದು ಸದ್ದು ಕೇಳುವುದನ್ನು ಸ್ವಲ್ಪ ಹೊತ್ತು ನೋಡಿ, "ಏನ್ರಿ ಮಾಸ್ತರ, ಮನ್ಯಾಗ ಲಾರಿ ಕಟ್ಟಾಕತ್ತೀರೇನು?" ಎಂದ. ಚಾಕು ಮಾಡುತ್ತೇನೆ ಎಂದೆ. ಅವನ ನಗು ತಟ್ಟನೆ ನಿಂತಿತು. "ಆತು, ಒಯ್ರಿ ಒಯ್ರಿ" ಎಂದು ಬೇಗಬೇಗ ಕಳಿಸಿಕೊಟ್ಟ. ಬಸ್ಸಿನಲ್ಲಿ ಪೇಪರು ಸುತ್ತಿದ ಆ ಪಟ್ಟಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದ ಸೀಟು ಶಿರಸಿ ಮುಟ್ಟುವವರೆಗೂ ಖಾಲಿಯೇ ಇತ್ತು.

ಚಾಕು ಮಾಡುವುದೆಂದರೆ ಕಬ್ಬಿಣ ಕಾಯಿಸಿ ಬಡಿಯುವುದು ಎಂದು ತಿಳಿದವರಿಗೆ ನನ್ನ ನಮಸ್ಕಾರ. ಬಡಿಯಲು ಯಾರಿಗಾದರೂ ಬರುತ್ತದೆ, ಕೆಲವು ಹೆಡ್ಮಾಸ್ತರರಿಗೂ ಬರುತ್ತಿತ್ತು. ಇರುವುದೆಲ್ಲ ಹದದಲ್ಲಿ. ನಮ್ಮ ಬಚ್ಚಲುಮನೆಯ ಹಿಂದೆ ಕರಟದ ಇದ್ದಿಲಿನ ಒಲೆ ಹೂಡಿ, ಹಳೆಯ ಟೇಬಲ್ ಫ್ಯಾನಿನಿಂದ ಗಾಳಿ ಕೊಟ್ಟು, ಉಕ್ಕನ್ನು ಕೆಂಪಗೆ ಕಾಯಿಸುತ್ತಿದ್ದೆ. ಕಾದ ಉಕ್ಕಿಗೆ ಅಯಸ್ಕಾಂತ ಅಂಟದ ಹಾಗಾದ ಗಳಿಗೆಯಲ್ಲಿ ಅದನ್ನು ಎಣ್ಣೆಗೆ ಅದ್ದಬೇಕು. ಅಯಸ್ಕಾಂತವನ್ನು ಅಂಚೆಚೀಟಿ ಮಾಸ್ತರರಿಂದ ತಂದಿದ್ದೆ. ಎಣ್ಣೆಯನ್ನು ಎಲ್ಲಿಂದ ತಂದೆ ಎನ್ನುವುದನ್ನು ನನ್ನ ಹೆಂಡತಿ ಸರೋಜಾ ಇಂದಿಗೂ ನೆಂಟರಿಗೆ ಹೇಳುತ್ತಾಳೆ. ಅದು ಹಪ್ಪಳ ಕರಿಯಲು ಅವಳು ತೆಗೆದಿಟ್ಟಿದ್ದ ಎಣ್ಣೆ. ಆ ವರ್ಷ ನಮ್ಮ ಹಪ್ಪಳಕ್ಕೆ ಗ್ಯಾರೇಜಿನ ವಾಸನೆ ಇತ್ತಂತೆ, ನನಗೇನೂ ತಿಳಿಯಲಿಲ್ಲ. ಎಣ್ಣೆಯಿಂದ ತೆಗೆದ ಮೇಲೆ ಮತ್ತೆ ಸಣ್ಣ ಬಿಸಿಯಲ್ಲಿ ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯಿಸಬೇಕು. ಕಡಿಮೆಯಾದರೆ ಗಾಜಿನ ಹಾಗೆ ಒಡೆಯುತ್ತದೆ, ಹೆಚ್ಚಾದರೆ ತಗಡು. ಆಮೇಲೆ ಅರ, ಮರಳುಕಾಗದ, ಸಾಣೆಕಲ್ಲು. ಅಲಗು ಹರಿತವಾಯಿತೋ ಇಲ್ಲವೋ ಎಂದು ನೋಡುವುದು ಕೈಮೇಲಿನ ಕೂದಲು ಬೋಳಿಸಿ. ಹೀಗಾಗಿ ಆ ವರ್ಷಗಳಲ್ಲಿ ನನ್ನ ಎಡಗೈ ಸದಾ ಮಗುವಿನ ಕೈಯ ಹಾಗೆ ನುಣ್ಣಗಿರುತ್ತಿತ್ತು. ಬೋರ್ಡಿನ ಮೇಲೆ ತ್ರಿಭುಜ ಬರೆಯುವಾಗ ಹುಡುಗಿಯರು ಕಿಸಕ್ಕನೆ ನಗುತ್ತಿದ್ದದ್ದು ಪ್ರಮೇಯಕ್ಕಲ್ಲ ಎಂದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಇಷ್ಟು ಮಾಡಿದ ಚಾಕುಗಳ ಗತಿ ಏನಾಯಿತು, ಕೇಳಿ. ಮೊದಲನೆಯದರಿಂದ ಪೇಂಟಿನ ಡಬ್ಬ ತೆರೆದರು. ಎರಡನೆಯದು ದೋಸೆ ಎಬ್ಬಿಸಲು ಹೋಯಿತು. ತೆಂಗಿನಕಾಯಿ ಒಂದೇ ಏಟಿಗೆ ಸೀಳಲೆಂದು ನಾನು ಮಾಡಿದ ಮಚ್ಚನ್ನು ಪಕ್ಕದ ಮನೆಯವರು ಬಾಳಂತಿಯ ಮಂಚದ ಕೆಳಗಿಡಲು ಒಯ್ದರು. ಗಾಳಿಗೀಳಿ ಹತ್ತಿರ ಬಾರದಿರಲು ಕಬ್ಬಿಣ ಇರಬೇಕಂತೆ. ಅದಕ್ಕೆ ಒಂದು ಲಾಳವೋ ಮೊಳೆಯೋ ಸಾಲದೇ? ಮಗು ಶಾಲೆಗೆ ಹೋಗತೊಡಗಿದರೂ ಮಚ್ಚು ವಾಪಸು ಬರಲಿಲ್ಲ. ಇನ್ನು ಸರೋಜಾ. ಅವಳು ನನ್ನ ಚಾಕಿನಿಂದ ಒಂದು ಬೆಂಡೆಕಾಯಿಯನ್ನೂ ಹೆಚ್ಚಲಿಲ್ಲ. ಅವಳಿಗೆ ಮೆಟ್ಟುಗತ್ತಿಯೇ ಆಗಬೇಕು. ಹಲಗೆಯನ್ನು ಕಾಲಿನಿಂದ ಮೆಟ್ಟಿಕೊಂಡು ಕೂತು, ಅದರ ಮೇಲೆ ಎದ್ದು ನಿಂತ ಅಲಗಿಗೆ ತರಕಾರಿಯನ್ನು ಒತ್ತಿ ಒತ್ತಿ ಹೋಳು ಮಾಡುವ ಆ ಪದ್ಧತಿಯನ್ನು ನಾನು ತರ್ಕಬದ್ಧವಾಗಿ ಖಂಡಿಸಿದ್ದೇನೆ. "ಚಲಿಸಬೇಕಾದ್ದು ಆಯುಧವೋ, ತರಕಾರಿಯೋ? ಯುದ್ಧದಲ್ಲಿ ಯಾರಾದರೂ ಕತ್ತಿಯನ್ನು ನೆಲಕ್ಕೆ ನೆಟ್ಟು ಶತ್ರುವನ್ನು ಎತ್ತಿ ಅದಕ್ಕೆ ಉಜ್ಜುತ್ತಾರೆಯೇ?" ಎಂದು ಕೇಳಿದ್ದೇನೆ. ಅವಳು ತಲೆ ಎತ್ತದೆ, "ಚಿನ್ನದ ಚೂರಿ ಹೇಳಿ ಕುತ್ತಿಗೆ ಕೊಯ್ಕಂಬಲಾಗ್ತಾ? ಆಚೆ ಸರಕಳಿ, ಬೆಳಕಿಗೆ ಅಡ್ಡ ನಿಂತಿದ್ದಿ" ಎಂದಳು.

ಆಗ ನಾನು ಪಣ ತೊಟ್ಟೆ. ನನ್ನ ಒಂದೇ ಒಂದು ಚಾಕು, ನಾಲ್ಕು ಜನರ ಎದುರು, ತಾನು ಮಾಡಬೇಕಾದ ಕೆಲಸವನ್ನೇ ಮಾಡಿ, ಸರೋಜಾಳ ಬಾಯಿಂದ 'ಚೊಲೋ ಇದ್ದು' ಅನ್ನಿಸಿಕೊಳ್ಳಬೇಕು. ಆ ಬೇಸಿಗೆ ರಜೆಯನ್ನೆಲ್ಲ ಒಂದೇ ಚಾಕಿಗೆ ಸುರಿದೆ. ಒಂದು ಗೇಣು ಅಲಗು, ಹುಣಸೆ ಮರದ ಹಿಡಿ, ಹಿಡಿಗೆ ಹಿತ್ತಾಳೆಯ ಮೊಳೆ. ಹದ ಹೇಗೆ ಕೂತಿತ್ತೆಂದರೆ ನೇತುಹಾಕಿದ ಕಾಗದ ತನಗೆ ತಿಳಿಯದೆಯೇ ಎರಡಾಗುತ್ತಿತ್ತು. ಸಂದರ್ಭವೂ ತಾನಾಗಿ ಒದಗಿತು. ನಿಲ್ಕುಂದದಲ್ಲಿ ಸರೋಜಾಳ ಅಣ್ಣ ಗಣಪತಿ ಭಾವನ ಮಗನ ಉಪನಯನ. ನಮ್ಮಲ್ಲಿ ಹಿಂದಿನ ದಿನ ಮಧ್ಯಾಹ್ನದ ಮೇಲೆ ಊರವರೆಲ್ಲ ಅವರವರ ಮೆಟ್ಟುಗತ್ತಿ ಹಿಡಿದುಕೊಂಡು ಬಂದು ಚಪ್ಪರದಡಿ ಸಾಲಾಗಿ ಕೂತು ಮರುದಿನದ ಅಡುಗೆಗೆ ತರಕಾರಿ ಹೆಚ್ಚುತ್ತಾರೆ. ಎಲೆಯಡಿಕೆಯ ಕವಳ ಹಾಕುತ್ತಾ, ಊರ ಸುದ್ದಿಯನ್ನೂ ಅಷ್ಟೇ ಸಣ್ಣಗೆ ಹೆಚ್ಚುತ್ತಾರೆ. ಅದಕ್ಕಿಂತ ದೊಡ್ಡ ಸಭೆ ನನಗೆ ಎಲ್ಲಿ ಸಿಗಬೇಕು?

ಚಪ್ಪರದಡಿ ನಾನು ಮಣೆ ಹಾಕಿಕೊಂಡು, ಮನೆಯಿಂದ ತಂದ ಹಲಗೆಯನ್ನು ಮುಂದಿಟ್ಟು, ಸುತ್ತಿದ್ದ ಬಟ್ಟೆ ಬಿಚ್ಚಿ ಚಾಕು ತೆಗೆದಾಗ ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು. ದಪ್ಪ ಸೌತೆಯಂಥ ಒಂದು ಮೊಗೆಕಾಯಿ ತೆಗೆದುಕೊಂಡೆ. ಟಕಟಕಟಕ ಎಂದು ಹೋಳುಗಳು ಒಂದೇ ಅಳತೆಯಲ್ಲಿ ಮಲಗಿದವು. ಮುದುಕರೊಬ್ಬರು ಕವಳ ತುಂಬಿದ ಬಾಯಲ್ಲೇ, "ಹೋಯ್, ಮಾಸ್ತರು ಲೆಕ್ಕ ಮಾಡೇ ಕೊಯ್ತ ಕಾಣ್ತು!" ಎಂದರು. ಅಡುಗೆ ಮನೆಯ ಬಾಗಿಲಲ್ಲಿ ಸರೋಜಾ ನಿಂತಿದ್ದಳು. ಅವಳು ಮೊಗೆಕಾಯಿಯ ಹೋಳುಗಳನ್ನು ನೋಡುತ್ತಿದ್ದಳು. ಅವಳ ತುಟಿ ಸ್ವಲ್ಪ ಅಲುಗಿದ್ದನ್ನು ನಾನು ಕಣ್ಣಾರೆ ಕಂಡೆ. ಇನ್ನೊಂದೇ ಒಂದು ಮೊಗೆಕಾಯಿ ಸಾಕಿತ್ತು.

ಅಷ್ಟರಲ್ಲಿ ಗಣಪತಿ ಭಾವ ಬಂದ. "ಭಾವಾ, ನಿನ್ನ ಕತ್ತಿ ಚೊಲೋ ಇದ್ದಡ. ಒಂದ್ಚೂರು ಕೊಡು, ಹಲಸಿನಕಾಯಿ ಸೀಳಕ್ಕು" ಎಂದ. ಉಪನಯನದ ಯಜಮಾನ, ಅದೂ ಹೆಂಡತಿಯ ಅಣ್ಣ, ಇಲ್ಲವೆನ್ನಲಾಗುತ್ತದೆಯೇ? ನಾನು ಚಾಕನ್ನು ಹಿಡಿಯ ಕಡೆಯಿಂದ ಅವನ ಮುಂದೆ ಚಾಚಿದೆ. ಅವನು ಕೈ ಹಿಂದೆ ತೆಗೆದುಕೊಂಡ. "ಕೈಗೆ ಕೊಡಡ ಮಾರಾಯಾ, ನೆಲಕ್ಕಿಡು, ಆನು ತಗತ್ತೆ. ಕತ್ತಿ ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತು." ಕಲ್ಲು ಹಾಸಿದ ಅಂಗಳ ಅದು. ನನ್ನ ಚಾಕಿನ ತುದಿ ಆ ಕಲ್ಲಿಗೆ ತಾಗುವುದೇ? "ಇಂಥ ಮೂಢನಂಬಿಕೆಗಳಿಂದಲೇ ದೇಶ ಹಾಳಾಯಿತು" ಎಂದು ಒಂದು ಸಣ್ಣ ಭಾಷಣ ಮಾಡಿ ಬಲವಂತವಾಗಿ ಅವನ ಕೈಯಲ್ಲೇ ಇಟ್ಟೆ. ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಚಾಕು ಹೋಯಿತು, ಬರಲಿಲ್ಲ. ಹಲಸಿನಕಾಯಿಯ ಹೋಳುಗಳು ಬಂದವು, ಚಾಕು ಬರಲಿಲ್ಲ. ನಾನು ಬರಿಗೈಯಲ್ಲಿ ಹಲಗೆಯ ಮುಂದೆ ಕೂತು ಕೂತು ಸಾಕಾಗಿ ಹಿತ್ತಲಿಗೆ ಹೋದೆ. ಅಲ್ಲಿ ಅಡುಗೆಗೆ ತೋಡಿದ ಉದ್ದನೆಯ ಒಲೆ ಧಗಧಗ ಉರಿಯುತ್ತಿತ್ತು. ಅದರ ಕೆಂಡದ ನಡುವೆ ನನ್ನ ಚಾಕು ಮಲಗಿತ್ತು. ಅಲಗು ಕೆಂಪಗಾಗಿತ್ತು. ಹುಣಸೆ ಹಿಡಿಯ ಒಂದು ಬದಿ ಹೊಗೆಯಾಡುತ್ತಿತ್ತು. ಭಾವ ಪಕ್ಕದಲ್ಲೇ ನಿಂತು ಬಹಳ ಉಪಕಾರ ಮಾಡಿದವನ ಮುಖದಲ್ಲಿ, "ಮೇಣ ಹಿಡದು ಹೋಗಿತ್ತು ಭಾವಾ, ಸುಟ್ಟು ಶುದ್ಧ ಮಾಡಿ ಕೊಡ್ತೆ" ಎಂದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಏನೇನು ಕೂಗಿದೆ ಎಂದು ನನಗೆ ನೆನಪಿಲ್ಲ, ನಿಲ್ಕುಂದದವರಿಗೆ ನೆನಪಿದೆ. "ಹದ ಹೋಯಿತು! ಇಡೀ ರಜೆಯ ಹದ ಹೋಯಿತು!" ಎಂದದ್ದು ಮಾತ್ರ ಚಪ್ಪರದ ಆ ತುದಿಗೂ ಕೇಳಿಸಿತಂತೆ. ಭಾವನಿಗೆ ಅರ್ಥವೇ ಆಗಲಿಲ್ಲ. "ಎಂಥ ಹದ ಮಾರಾಯಾ? ಅಜ್ಜನ ಕಾಲದಿಂದ ಮೇಣ ಹಿಡದ ಕತ್ತಿಯ ಹಿಂಗೇ ಸುಡ್ತ್ಯ. ಎಂತೂ ಆಯ್ದಿಲ್ಲೆ" ಎಂದ. ಅದಕ್ಕೇ ನಿಮ್ಮ ಮನೆಯ ಕತ್ತಿಗಳಿಂದ ಬೆಣ್ಣೆಯೂ ಸೀಳುವುದಿಲ್ಲ ಎಂದೆ. ಅಜ್ಜನ ಸುದ್ದಿಗೆ ಬರಬೇಡ ಎಂದ ಅವನು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕವಳದ ಮುದುಕರು ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತು, ಶಾಂತವಾಗಿ, "ಕೈಗೆ ಕೊಡಡ ಹೇಳಿದ್ದಲ ಅಂವ. ನೀನು ಕೈಗೇ ಕೊಟ್ಟೆ. ಆತಲ ಈಗ ಜಗಳ?" ಎಂದರು. ಇಡೀ ಚಪ್ಪರ ಹೌದೆಂದು ತಲೆ ಆಡಿಸಿತು. ಹೀಗೆ, ನನ್ನ ಚಾಕು ಎಷ್ಟು ಒಳ್ಳೆಯದೆಂದು ತೋರಿಸಲು ಹೋದ ನಾನು ಅವರ ನಂಬಿಕೆ ಎಷ್ಟು ಸತ್ಯವೆಂದು ತೋರಿಸಿ ಬಂದೆ.

ಅದಕ್ಕೆ ಮತ್ತೆ ಹದ ಕೊಡಬಹುದಿತ್ತು, ಹಿಡಿಯನ್ನೂ ಬದಲಿಸಬಹುದಿತ್ತು. ಆದರೆ ನನಗೂ ಮಾನವಿದೆಯಲ್ಲ! ಇನ್ನು ಈ ಜನ್ಮದಲ್ಲಿ ಕಬ್ಬಿಣ ಮುಟ್ಟುವುದಿಲ್ಲ ಎಂದು ಸಾರಿ, ಆ ಚಾಕನ್ನು ಅಟ್ಟದ ಮೇಲೆ ಎಸೆದು, ಯಾರಾದರೂ ಬಂದು ಸಮಾಧಾನ ಮಾಡಲಿ ಎಂದು ಕಾದೆ. ಯಾರೂ ಬರಲಿಲ್ಲ. ಫ್ಯಾನು ಮತ್ತೆ ನಡುಮನೆಗೆ ಬಂತು, ಹಪ್ಪಳದ ರುಚಿ ಸುಧಾರಿಸಿತು, ಎಡಗೈಯಲ್ಲಿ ಕೂದಲು ಬೆಳೆಯಿತು. ಎಲ್ಲರೂ ಸುಖವಾಗಿದ್ದರು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಮರುವರ್ಷ ಸರೋಜಾಳ ಮೆಟ್ಟುಗತ್ತಿಯ ಅಲಗು ಸವೆದು ಮುರಿಯಿತು. ಒಂದು ದಿನ ನಾನು ಶಾಲೆಯಿಂದ ಬಂದಾಗ ಅಡುಗೆಮನೆಯಲ್ಲಿ ಹೊಸದೊಂದು ಕೂತಿತ್ತು. ಹಲಗೆ ನನ್ನ ಗುರುತಿನದಲ್ಲ, ಅಲಗು ನನ್ನ ಗುರುತಿನದು. ಅಟ್ಟದಿಂದ ಇಳಿಸಿ, ಸಿದ್ದಾಪುರಕ್ಕೆ ಹೋಗುವವರ ಕೈಲಿ ಅಲ್ಲಿನ ಕಮ್ಮಾರನಿಗೆ ಕಳಿಸಿ, ಬಗ್ಗಿಸಿ ಹಲಗೆಗೆ ನೆಡಿಸಿ ತರಿಸಿದ್ದಳು. ಹದ ಹೋದದ್ದರಿಂದ ಸಲೀಸಾಗಿ ಬಗ್ಗಿತಂತೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಒಂದು ಬದನೆಕಾಯಿಯನ್ನು ಅದಕ್ಕೆ ಒತ್ತಿ, ಹೋಳುಗಳನ್ನು ನೋಡಿ, "ಚೊಲೋ ಇದ್ದು" ಎಂದಳು. ಎಷ್ಟೋ ವರ್ಷ ಕಾದ ಮಾತು ಬಂತು. ಆದರೆ ಬಂದ ದಾರಿ ನೋಡಿ! ನಾನು ಮಾಡಿದ ಆಯುಧ ನೆಲಕ್ಕೆ ನೆಟ್ಟು ನಿಂತಿತ್ತು, ಚಲಿಸುತ್ತಿದ್ದದ್ದು ಬದನೆಕಾಯಿ.

ಈಗ ನಿವೃತ್ತನಾಗಿದ್ದೇನೆ. 'ನಿಂಗಳದ್ದೇ ಕತ್ತಿ ಅಲ್ದಾ' ಎಂಬ ಒಂದೇ ಕಾರಣಕ್ಕೆ ದಿನಾ ಬೆಳಿಗ್ಗೆ ಆ ಹಲಗೆಯನ್ನು ಮೆಟ್ಟಿ ಕೂತು ತರಕಾರಿ ಹೆಚ್ಚುವವನು ನಾನೇ. ಕೂತಲ್ಲೇ ಆಗುವ ಕೆಲಸ, ಕೈಗೆ ಆಯಾಸವಿಲ್ಲ, ಹೋಳು ಎಲ್ಲೂ ಹಾರುವುದಿಲ್ಲ. ಇದನ್ನು ನಾನು ಸರೋಜಾಳ ಎದುರು ಹೇಳಿಲ್ಲ, ಹೇಳುವುದೂ ಇಲ್ಲ. ಮೊನ್ನೆ ಹಲಸಿನಕಾಯಿ ಹೆಚ್ಚಿದೆ. ಮೇಣ ಅಲಗಿಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಎಣ್ಣೆ ಹಚ್ಚಿ ಒರೆಸಿದೆ, ಕೆರೆದೆ, ಬೂದಿ ಹಾಕಿ ತಿಕ್ಕಿದೆ. ಹೋಗಲೇ ಇಲ್ಲ. ಆಚೆ ಈಚೆ ನೋಡಿದೆ, ಸರೋಜಾ ಕಾಣಲಿಲ್ಲ. ಹಲಗೆಯ ಸಮೇತ ಎತ್ತಿ ಅಲಗನ್ನು ಗ್ಯಾಸಿನ ಉರಿಗೆ ಹಿಡಿದೆ. ಮೇಣ ಚರಚರ ಎಂದು ಸುಟ್ಟು ಉದುರಿತು. ಎಷ್ಟು ಸುಲಭ!

"ಈಗ ಹದ ಹೋಗ್ತಿಲ್ಯ?" ಎಂದು ಬೆನ್ನ ಹಿಂದಿನಿಂದ ಕೇಳಿಸಿತು. ಸರೋಜಾ ಬಾಗಿಲಲ್ಲಿ ನಿಂತಿದ್ದಳು. ನಗಲಿಲ್ಲ, ಮುಂದೆ ಬಂದು, "ಇಲ್ಲಿ ಕೊಡಿ, ಆನು ಮಾಡ್ತೆ" ಎಂದು ಕೈ ಚಾಚಿದಳು.

ನಾನು ಕೈಗೆ ಕೊಡಲಿಲ್ಲ. ನೆಲಕ್ಕಿಟ್ಟೆ.